ಕೊಯ್ದ ಕುರ್ಚಿ

“ಹೊಸ ಸಾಮಾನು ಕಂಡ್ರೆ ಕೈ ತುರಿಸುತ್ತೇನೋ ನಿಂಗೆ? ಗುಜರಿ ಆಯೋ ಬುದ್ಧಿ ಎಲ್ಲಿ ಹೋಗುತ್ತೆ! ಏಳನೇ ಕ್ಲಾಸಿಗೆ ಶಾಲೆ ಬಿಟ್ಟೋನ ಕೈಗೆ ಗರಗಸ ಕೊಟ್ಟೋರು ಯಾರು?”

ಟೈಲ್ಸ್ ಅಂಗಡಿ ಯಜಮಾನರ ದನಿ ತಗಡಿನ ಚಾವಣಿಗೆ ಬಡಿದು ಹಜಾರದ ತುಂಬ ಬಿತ್ತು. ನೆರವಿನ ಮನೆಯಲ್ಲಿ ಆಗ ನಲವತ್ತು ಜನರಾದರೂ ಇದ್ದರು. ಊರುಗೋಲು ಬದಲಾಯಿಸಲು ಬಂದವರು, ಮಂಚ ಕೇಳಲು ಬಂದವರು, ಮಾತಾಡಲು ಯಾರಾದರೂ ಸಿಗುತ್ತಾರೆ ಎಂದು ದಿನಾ ಬರುವ ಮುದುಕರು. ಎಲ್ಲರೂ ಒಟ್ಟಿಗೆ ನೆಲ ನೋಡಿದರು. ಬೈಸಿಕೊಳ್ಳುತ್ತಿರುವವನ ಮುಖ ನೋಡಬಾರದು ಎಂಬ ಮರ್ಯಾದೆ ಬಡವರಿಗೆ ಯಾರೂ ಹೇಳಿಕೊಡದೆಯೇ ಬಂದಿರುತ್ತದೆ.

ಬೈಸಿಕೊಂಡವನು ಕಿಡಿ. ಇಪ್ಪತ್ತಮೂರು ವರ್ಷ, ನೆರವಿನ ಮನೆಯ ಹಿಂದಿನ ಶೆಡ್ಡಿನಲ್ಲಿ ವೆಲ್ಡಿಂಗ್ ಕೆಲಸ. ಕೋಪ ಮೂಗಿನ ತುದಿಯಲ್ಲೇ ಇರುವುದರಿಂದ ಆ ಹೆಸರು. ಇಟ್ಟವಳು ದೊಡ್ಡಕ್ಕ. ನೆರವಿನ ಮನೆ ನಡೆಸುತ್ತಿದ್ದವಳೂ ಅವಳೇ.

ಯಜಮಾನರು ತೀರಿಹೋದ ತಾಯಿಯ ನೆನಪಿಗೆಂದು ಹೋದ ತಿಂಗಳು ಇಪ್ಪತ್ತು ಗಾಲಿಕುರ್ಚಿ ಕೊಟ್ಟಿದ್ದರು. ಒಂದೊಂದರ ಬೆನ್ನಿನ ಬಟ್ಟೆಯ ಮೇಲೂ ಚಿನ್ನದ ಬಣ್ಣದಲ್ಲಿ ಆ ತಾಯಿಯ ಹೆಸರು. ಹಂಚುವ ದಿನ ಇವತ್ತು. ಗೋಡೆಗೆ ಸಾಲಾಗಿ ನಿಲ್ಲಿಸಿದ ಹತ್ತೊಂಬತ್ತು ಕುರ್ಚಿಗಳ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು. ಇಪ್ಪತ್ತನೆಯದರ ಅಗಲ ಮೂರು ಇಂಚು ಕಡಿಮೆ. ಸೀಟಿನ ಕೆಳಗೆ ಕತ್ತರಿಯ ಹಾಗೆ ಅಡ್ಡ ಹಾಯ್ದ ಕಾಲುಗಳನ್ನು ಕಿಡಿ ಕೊಯ್ದು, ಒಳಗೆ ಸಣ್ಣ ಪೈಪು ಕೂರಿಸಿ, ಮತ್ತೆ ಬೆಸೆದಿದ್ದ. ಬೆಸುಗೆಯ ಮೇಲೆ ಬಣ್ಣ ಇನ್ನೂ ಬಿದ್ದಿರಲಿಲ್ಲ. ಬಟ್ಟೆಯೂ ಕಿರಿದಾಗಿತ್ತು.

“ನೋಡಿ ಇಲ್ಲಿ, ನಮ್ಮಮ್ಮನ ಹೆಸರು,” ಎಂದು ಯಜಮಾನರು ಬೆರಳಿಟ್ಟು ತೋರಿಸಿದರು. “ಮೊದಲ್ನೇ ಅಕ್ಷರಾನೇ ಇಲ್ಲ. ಹೆತ್ತ ತಾಯಿ ಹೆಸರಿಗೆ ಕತ್ತರಿ ಹಾಕಿದಾನಲ್ಲ, ಇವನು ಮನುಷ್ಯನಾ?”

ಕಿಡಿಯ ಬಾಯಿಗೆ ಒಟ್ಟಿಗೆ ಮೂರು ಉತ್ತರ ಬಂದವು. ಮೂರಕ್ಕೂ ಒಳ್ಳೆಯ ಹರಿತವಿತ್ತು. ಯಾವುದು ಮೊದಲು ಎಂದು ಅವನು ಆರಿಸುವಷ್ಟರಲ್ಲಿ ದೊಡ್ಡಕ್ಕ ಸುತ್ತುತ್ತಿದ್ದ ಬ್ಯಾಂಡೇಜು ಬಟ್ಟೆ ಕೆಳಗಿಟ್ಟು ಎದ್ದಳು.

“ಅದು ಟೈಲರಮ್ಮನ ಕುರ್ಚಿ, ಯಜಮಾನ್ರೇ. ಅವಳ ಅಳತೆಗೆ ಮಾಡಿಸಿದ್ದು.”

“ಅಳತೆನಾ? ಕುರ್ಚಿಗೆ ಎಂಥ ಅಳತೆ? ಬಡವ್ರು ಅಂದ್ರೆ ಅಷ್ಟು ಸಸಾರನಾ ನಿಮಗೆ? ಕೊಯ್ದಿದ್ದು, ತೇಪೆ ಹಾಕಿದ್ದು ಕೊಟ್ಟು ಕೈ ತೊಳ್ಕೊಳ್ಳೋದಾ? ಆ ತಾಯಿಗೆ ಹೊಸದು ಕೊಡಿ. ಇದು ನನ್ನ ಲಾರಿಗೆ ಹಾಕಿ. ಇನ್ನೊಂದಕ್ಕೆ ಇವನು ಕೈ ಹಚ್ಚಿದ್ರೆ ಹತ್ತೊಂಬತ್ತೂ ಲಾರಿ ಹತ್ತುತ್ತೆ, ಈಗಲೇ ಹೇಳಿದೀನಿ.”

“ಆಗ್ಲಿ. ಆದ್ರೆ ಇದನ್ನ ನೀವೇ ಅವಳಿಗೆ ಹೇಳ್ಬೇಕು. ಮನೆ ನೋಡದೆ ನಾವು ಒಂದು ಊರುಗೋಲೂ ಕೊಡಲ್ಲ. ಮನೆ ನೋಡದೆ ವಾಪಸ್ಸೂ ತಗೊಳ್ಳಲ್ಲ. ಎರಡೇ ಬೀದಿ. ನಡೀರಿ.”

ದೊಡ್ಡಕ್ಕ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಅವಳು ಹೊರಟ ಮೇಲೆ ನಿಂತವರುಂಟೇ? ಯಜಮಾನರು ಒಂದು ಹೊಸ ಕುರ್ಚಿಯ ಪ್ಲಾಸ್ಟಿಕ್ ಹರಿದು ತಾವೇ ತಳ್ಳಿಕೊಂಡು ನಡೆದರು. ಕಿಡಿ ಕೊಯ್ದ ಕುರ್ಚಿ ತಳ್ಳಿದ. ಇಬ್ಬರು ಜಗಳಗಂಟ ಮೊಮ್ಮಕ್ಕಳ ನಡುವಿನ ಅಜ್ಜಿಯ ಹಾಗೆ ದೊಡ್ಡಕ್ಕ ಮಧ್ಯದಲ್ಲಿ. ಸಲೂನಿನ ಬಾಗಿಲಲ್ಲಿ ಕತ್ತರಿ ಹಿಡಿದು ನಿಂತಿದ್ದ ಕ್ಷೌರಿಕ, “ಏನಕ್ಕಾ, ರೇಸಾ? ಯಾರ ಮೇಲೆ ಕಟ್ಟಲಿ?” ಅಂದ. “ನಿನ್ನ ಗಿರಾಕಿ ಕಿವಿ ಹೋದೀತು, ಒಳಗೆ ನೋಡು,” ಅಂದಳು ದೊಡ್ಡಕ್ಕ.

ಬೀದಿಯ ಎರಡೂ ಕಡೆ ಕಾರ್ಖಾನೆ ಕಟ್ಟಿಸಿದ ಮನೆಗಳು, ಅಂಟಿಕೊಂಡೇ ನೂರಹತ್ತು. ಕಾರ್ಖಾನೆ ಮುಚ್ಚಿ ಹನ್ನೊಂದು ವರ್ಷ. ಮುಚ್ಚಿದ ವಾರ ಅದರ ಆಸ್ಪತ್ರೆಯ ಮಂಚಗಳನ್ನು ಗುಜರಿಗೆ ಹಾಕುತ್ತಾರೆ ಎಂದು ತಿಳಿದು, ಅಲ್ಲಿ ನರ್ಸ್ ಆಗಿದ್ದ ದೊಡ್ಡಕ್ಕ ಮತ್ತು ನಾಲ್ಕು ಹೆಂಗಸರು ಹಾಡಹಗಲಲ್ಲಿ ಆರು ಮಂಚ ಹೊತ್ತುಕೊಂಡು ಬಂದಿದ್ದರು. ಗೇಟಿನವನು ತಡೆದರೆ, “ನಿನ್ನ ಹೆಂಡ್ತಿ ಹೆತ್ತಿದ್ದು ಇದೇ ಮಂಚದ ಮೇಲೆ, ನೆನಪಿದೆಯಾ?” ಅಂದರಂತೆ. ಅವನೂ ಒಂದು ಕೈ ಹಿಡಿದನಂತೆ. ನೆರವಿನ ಮನೆ ಶುರುವಾದದ್ದು ಆ ಆರು ಮಂಚದಿಂದ. ಆಮೇಲೆ ನೀರು ನುಗ್ಗಿದ ವರ್ಷ ಬಂತು, ಜ್ವರದ ವರ್ಷ ಬಂತು. ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ ಈ ಹೆಂಗಸರು ಉದ್ದನೆಯ ಕೋಲು ಹಿಡಿದು ನೂರಹತ್ತು ಬಾಗಿಲನ್ನೂ ದಿನಾ ತಟ್ಟಿದರು. ಒಳಗಿನಿಂದ “ಇದೀವಿ” ಅಂತ ಕೇಳಿಸುವ ತನಕ ಮುಂದಿನ ಬಾಗಿಲಿಗೆ ಹೋಗಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ದಿನ ರಜೆ ಇಲ್ಲ. ಯಾವ ಸರ್ಕಾರ, ಯಾವ ಕಂಪನಿ ಈ ಮಾತು ಎದೆ ತಟ್ಟಿ ಹೇಳಲಿ ನೋಡೋಣ!

ಆ ಆರರಲ್ಲಿ ಒಂದು ಮಂಚ ಕಿಡಿಯ ಮನೆಗೆ ಬಂದಿತ್ತು. ಅಪ್ಪನ ಸೊಂಟದ ಕೆಳಗೆ ಜೀವ ಹೋಗಿತ್ತು. ಹುಡುಗ ಶಾಲೆ ಬಿಟ್ಟ. ಅಪ್ಪನನ್ನು ಬಚ್ಚಲಿಗೆ ಎತ್ತಿಕೊಂಡು ಹೋಗುವುದು ಅವನ ಕೆಲಸ. ಎರಡು ವರ್ಷ ಎತ್ತಿದ. ಎತ್ತಿದಾಗಲೆಲ್ಲ ಅಪ್ಪ ಮುಖವನ್ನು ಗೋಡೆಯ ಕಡೆ ತಿರುಗಿಸಿಬಿಡುತ್ತಿದ್ದ. ಎರಡು ವರ್ಷ ಒಬ್ಬರ ಎದೆಗೆ ಒಬ್ಬರು ಅಂಟಿಕೊಂಡಿದ್ದೂ ಆ ಕ್ಷಣದಲ್ಲಿ ಒಮ್ಮೆಯೂ ಅವರು ಮುಖ ನೋಡಿಕೊಳ್ಳಲಿಲ್ಲ. ಏಳನೇ ಕ್ಲಾಸಿನ ಆಚೆ ಅವನು ಓದಿದ್ದು ಅಷ್ಟು.

ಟೈಲರಮ್ಮನ ಮನೆ ಸಾಲಿನ ಕೊನೆಯಲ್ಲಿತ್ತು. ಎಂಟು ತಿಂಗಳ ಹಿಂದೆ ಬಸ್ಸು ಇಳಿಯುವಾಗ ಬಿದ್ದು ಅವಳ ಎರಡೂ ಕಾಲಿನ ಸ್ವಾಧೀನ ಹೋಗಿತ್ತು. ಬೇಕರಿಯಲ್ಲಿ ದುಡಿಯುವ ತಮ್ಮನೊಬ್ಬನೇ ಜೊತೆಗೆ. ಅವನು ನಸುಕಿನಲ್ಲಿ ಎದ್ದು ಹೋದರೆ ಬರುವುದು ಮಧ್ಯಾಹ್ನ ಮೂರಕ್ಕೆ. ಅಲ್ಲಿಯ ತನಕ ಅವಳನ್ನು ಬಚ್ಚಲಿಗೆ ಎತ್ತಿಕೊಂಡು ಹೋಗುವವರಿಲ್ಲ. ಪಕ್ಕದ ಮನೆಯಾಕೆಗೆ ಮನಸ್ಸಿದೆ, ಬೆನ್ನಿಲ್ಲ.

ಇವರು ಹೋದಾಗ ಅವಳು ಮಂಚದ ಮೇಲೆ ಕುಳಿತು ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರದಲ್ಲಿ ಯಾರದೋ ಶಾಲಾ ಅಂಗಿ ಹೊಲಿಯುತ್ತಿದ್ದಳು. ಪಕ್ಕದ ಮನೆಯಾಕೆ ಹೊಸ್ತಿಲಲ್ಲಿ ಕುಳಿತು ಗುಂಡಿ ಹಚ್ಚುತ್ತಿದ್ದಳು.

“ಅಯ್ಯೋ, ಎರಡೆರಡು ಕುರ್ಚಿ! ಒಂದು ನಂಗೆ, ಇನ್ನೊಂದು ನನ್ನ ಸೊಕ್ಕಿಗಾ?” ಎಂದು ಟೈಲರಮ್ಮ ನಕ್ಕಳು.

ಯಜಮಾನರು ನಗಲಿಲ್ಲ. ಪಕ್ಕದ ಮನೆಯಾಕೆ ನೀರು ತಂದುಕೊಟ್ಟಳು, ಕುಡಿದರು. ಮಂಚದ ಪಕ್ಕದಲ್ಲೂ ಒಂದು ಲೋಟ ನೀರು ಮುಚ್ಚಿಟ್ಟಿತ್ತು. “ನೀವೂ ಕುಡೀರಿ ತಾಯಿ, ಏನು ಸೆಕೆ,” ಎಂದರು.

“ಆಮೇಲೆ ಕುಡೀತೀನಿ, ಯಜಮಾನ್ರೇ. ತಮ್ಮ ಬರೋದು ಮೂರಕ್ಕೆ.”

ತಮ್ಮನಿಗೂ ನೀರಿಗೂ ಏನು ಸಂಬಂಧ ಎಂದು ಅವರಿಗೆ ಹೊಳೆಯಲಿಲ್ಲ. ಹೊಸ ಕುರ್ಚಿಯನ್ನು ಮುಂದೆ ತಂದು ನಿಲ್ಲಿಸಿದರು. “ಇದು ನಿಮಗೆ. ಆ ಕೊಯ್ದಿದ್ದು ಬೇಡ. ಪೂರ್ತಿ ಕುರ್ಚಿ ಕೂರೋ ಹಕ್ಕು ನಿಮಗೂ ಇದೆ.”

ಟೈಲರಮ್ಮ ಕಿಡಿಯ ಕಡೆ ನೋಡಿದಳು. ಕಿಡಿ ದವಡೆ ಕಚ್ಚಿಕೊಂಡು ಸೂರು ನೋಡುತ್ತಿದ್ದ. ಅವಳಿಗೆ ಅರ್ಥವಾಯಿತು. ಮಂಚಕ್ಕೂ ಕುರ್ಚಿಗೂ ನಡುವೆ ಒಂದು ನುಣುಪು ಹಲಗೆ ಹಾಕಿಕೊಂಡು, ತೋಳಿನ ಬಲದಲ್ಲಿ ಜಾರಿ ಹೊಸ ಕುರ್ಚಿಯಲ್ಲಿ ಕುಳಿತಳು. ಗಾಲಿ ತಿರುಗಿಸಿದಳು. ಬಚ್ಚಲ ಬಾಗಿಲ ತನಕ ಚೆನ್ನಾಗಿ ಹೋಯಿತು. ಅಲ್ಲಿ ಕೈಯಲ್ಲಿ ತಿರುಗಿಸುವ ಗಾಲಿಬಳೆ ಎರಡೂ ಕಡೆ ಚೌಕಟ್ಟಿಗೆ ಬಡಿದು ನಿಂತಿತು. ಹಿಂದೆ ಬಂದು ಓರೆಯಾಗಿ ಹೋದಳು. ಮತ್ತೆ ಬಡಿಯಿತು.

“ಇರಿ, ಇರಿ,” ಎಂದು ಯಜಮಾನರು ಹಿಂದಿನಿಂದ ತಳ್ಳಿದರು. ಎಳೆದರು. ಮತ್ತೆ ತಳ್ಳಿದರು. ಚೌಕಟ್ಟಿನ ಬಣ್ಣ ಕಿತ್ತು ಬಂತು. ಕೊನೆಗೆ ಜೇಬಿನಿಂದ ಟೇಪು ತೆಗೆದರು. ಮೂವತ್ತು ವರ್ಷ ಬಚ್ಚಲಿನ ಟೈಲ್ಸು, ಬಾಗಿಲು, ನಲ್ಲಿ ಮಾರಿದವರು. ಬಾಗಿಲು ಅಳೆದರು, ಇಪ್ಪತ್ತನಾಲ್ಕು. ಕುರ್ಚಿ ಅಳೆದರು, ಇಪ್ಪತ್ತಾರು.

“ಯಾವ ಮುಠ್ಠಾಳ ಇಟ್ಟಿದ್ದು ಈ ಬಾಗಿಲು! ನಾಳೆನೇ ಒಡೆಸಿ ಅಗಲ ಮಾಡಿಸ್ತೀನಿ.”

“ಎಡಕ್ಕೆ ಕಂಬ ಇದೆ, ಸೂರು ನಿಂತಿರೋದು ಅದರ ಮೇಲೆ,” ಎಂದ ಕಿಡಿ. ಬೆಳಿಗ್ಗೆಯಿಂದ ಅವನ ಬಾಯಿಂದ ಬಂದ ಮೊದಲ ಮಾತು. “ಬಲಕ್ಕೆ ಪಕ್ಕದ ಮನೆ ಗೋಡೆ. ನೂರಹತ್ತು ಮನೇಲೂ ಇದೇ ಬಾಗಿಲು. ಎಷ್ಟು ಅಂತ ಒಡೆಸ್ತೀರಿ?”

ಯಜಮಾನರು ಟೇಪನ್ನು ಮತ್ತೊಮ್ಮೆ ಚೌಕಟ್ಟಿಗೆ ಹಿಡಿದರು. ಬಾಗಿಲು ಬೆಳೆದಿರಲಿಲ್ಲ.

ಟೈಲರಮ್ಮ ವಾಪಸ್ ಬಂದು, ಹಲಗೆಯ ಮೇಲೆ ಜಾರಿ ಮಂಚಕ್ಕೆ, ಮಂಚದಿಂದ ಕೊಯ್ದ ಕುರ್ಚಿಗೆ ದಾಟಿದಳು. ಏದುಸಿರು ಬಂದಿತ್ತು. “ಹೆಸರಿನ ವಿಷ್ಯಕ್ಕೆ ಇವನಿಗೆ ಬೈದ್ರಾ?” ಎಂದಳು.

ಯಜಮಾನರು ಟೇಪು ಸುತ್ತಿಕೊಂಡರು.

“ಬೈದಿರ್ತೀರಿ. ಇವನೂ ಬಾಯಿ ಬಿಟ್ಟಿರಲ್ಲ. ಬಟ್ಟೆ ಕೆಲಸ ನಂದು ಯಜಮಾನ್ರೇ, ಇವನದಲ್ಲ. ಇಲ್ಲಿಗೆ ತರಿಸ್ಕೊಂಡು ನಾನೇ ಹೊಲಿದೆ.” ಬೆನ್ನಿನ ಬಟ್ಟೆಯ ಅಂಚನ್ನು ಹಿಂದೆ ಕೈ ಹಾಕಿ ಮಗುಚಿ ತೋರಿಸಿದಳು. ಮಡಿಕೆಯ ಒಳಗೆ ಚಿನ್ನದ ಬಣ್ಣದ ಅಕ್ಷರ ಹೊಸದರ ಹಾಗೇ ಇತ್ತು. “ತಾಯಿ ಹೆಸರಿಗೆ ಯಾರಾದ್ರೂ ಕತ್ತರಿ ಹಾಕ್ತಾರಾ? ಮಡಿಚಿದೀನಿ. ಬೇಕಾದಾಗ ಬಿಚ್ಚಬಹುದು.”

ಯಜಮಾನರು ಆ ಅಕ್ಷರದ ಮೇಲೆ ಹೆಬ್ಬೆರಳಿಟ್ಟು, ತೆಗೆದರು.

ಟೈಲರಮ್ಮ ಮಂಚದ ಪಕ್ಕದ ಲೋಟಕ್ಕೆ ಕೈ ಚಾಚಿದಳು. ಮುಚ್ಚಳ ತೆಗೆದು, ತಲೆ ಎತ್ತಿ, ಒಂದೇ ಉಸಿರಿಗೆ ಗಟಗಟ ಕುಡಿದಳು. ಗದ್ದದಿಂದ ನೀರು ಕುಪ್ಪಸಕ್ಕೆ ಇಳಿಯಿತು. “ಇನ್ನೊಂದು ಕೊಡೇ,” ಎಂದು ಪಕ್ಕದ ಮನೆಯಾಕೆಗೆ ಲೋಟ ಚಾಚಿದಳು. ಅದನ್ನೂ ಕುಡಿದಳು.

ಆಮೇಲೆ ಗಾಲಿ ತಿರುಗಿಸಿದಳು. ಬಾಗಿಲ ಹತ್ತಿರ ಬಂದಾಗ ಕೈ ಗಾಲಿಯಿಂದ ಎತ್ತಿ, ಒಳಗೋಡೆಗೆ ಕಿಡಿ ಹೋದ ವಾರ ಬಿಗಿದಿದ್ದ ಕಂಬಿಯನ್ನು ಹಿಡಿದು ಎಳೆದುಕೊಂಡಳು. ಎರಡೂ ಕಡೆ ಅರ್ಧ ಇಂಚು. ಕುರ್ಚಿ ಎಲ್ಲೂ ತಾಗದೆ ಒಳಗೆ ಹೋಯಿತು. ಬಾಗಿಲು ಹೊರಗೆ ತೆರೆಯುವ ಹಾಗೆ ಅವನು ಕೀಲು ಬದಲಾಯಿಸಿ, ಒಳಗೆ ಒಂದು ಹಗ್ಗ ಕಟ್ಟಿದ್ದ. ಚಿಲಕವನ್ನು ಕೂತವರ ಕೈಗೆ ಎಟಕುವಷ್ಟು ಕೆಳಗೆ ಇಳಿಸಿದ್ದ. ಹಗ್ಗ ಜಗ್ಗಿತು, ಬಾಗಿಲು ಮುಚ್ಚಿತು.

ಒಳಗಿನಿಂದ ಚಿಲಕ ಬಿತ್ತು.

ಎಂಟು ತಿಂಗಳಲ್ಲಿ ಮೊದಲ ಸಲ. ದೊಡ್ಡಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಹನ್ನೊಂದು ವರ್ಷದಲ್ಲಿ ಅವಳು ಇಂಥವು ಎಷ್ಟೋ ನೋಡಿರಬೇಕು, ಆದರೂ ಮುಖ ಗೆದ್ದವಳ ಹಾಗೆ ಉಬ್ಬಿತ್ತು. ಯಜಮಾನರು ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತಿದ್ದರು.

“ಬಚ್ಚಲ ಮುಂದೆ ಕಾಯ್ತಾ ನಿಲ್ಲೋಕೆ ಇದೇನು ಬಸ್ ಸ್ಟಾಪಾ?” ಎಂದಳು ಪಕ್ಕದ ಮನೆಯಾಕೆ. “ನಡೀರಿ ಹೊರಗೆ ಎಲ್ಲಾರೂ.”

ಯಜಮಾನರು ಬೆಚ್ಚಿ ತಿರುಗಿದರು. ಎಲ್ಲರೂ ಹೊರಗೆ ಬಂದರು. ಕಿಡಿ ಹೊಸ ಕುರ್ಚಿಯನ್ನೂ ತಳ್ಳಿಕೊಂಡು ಬಂದ. ಒಳಗೆ ನಲ್ಲಿ ತಿರುಗಿಸಿದ ಸದ್ದು, ನೀರು ಬೀಳುವ ಸದ್ದು. ಅದು ನಿಲ್ಲುವ ಅವಸರ ತೋರಲಿಲ್ಲ. ಟೈಲರಮ್ಮ ಏನನ್ನೋ ಗುನುಗುತ್ತಿದ್ದಳು, ರಾಗ ಕೆಟ್ಟದಾಗಿತ್ತು.

ಯಜಮಾನರು ಮೆಟ್ಟಿಲ ಮೇಲೆ ಕುಳಿತರು. ಟೇಪು ಕೈಯಲ್ಲೇ ಇತ್ತು.

“ನಮ್ಮಮ್ಮ ಕೊನೇ ವರ್ಷ ನೀರೇ ಕುಡೀತಿರಲಿಲ್ಲ,” ಎಂದರು. ಯಾರಿಗೆ ಹೇಳುತ್ತಿದ್ದಾರೆ ಎಂದು ಮೊದಲು ತಿಳಿಯಲಿಲ್ಲ. “ಲೋಟ ಬಾಯಿ ಹತ್ರ ಹಿಡಿದ್ರೆ ಬೇಡ ಬೇಡ ಅಂತ ತಲೆ ಆಡಿಸೋಳು. ವಯಸ್ಸಾದ್ಮೇಲೆ ಬಾಯಾರಿಕೆ ಆಗಲ್ಲ ಅಂದ್ಕೊಂಡ್ವಿ. ಮೂರು ಜನ ಗಂಡುಮಕ್ಕಳು ನಾವು. ಮನೇಲಿ ನಾಲ್ಕು ಬಚ್ಚಲು. ನಾನು ಅಂಗಡೀಲಿ ಇರ್ತಿದ್ದೆ, ರಾತ್ರಿ ತನಕ...”

ನೀರಿನ ಸದ್ದು ನಿಂತಿತು. ಮತ್ತೆ ಶುರುವಾಯಿತು.

“ಅವಳು ನೀರು ಬಿಟ್ಟಿದ್ದೂ ಇದಕ್ಕೇ ಇರಬಹುದಾ?” ಅವರು ತಲೆ ಎತ್ತಿ ನೋಡಿದ್ದು ದೊಡ್ಡಕ್ಕನನ್ನಲ್ಲ, ಕಿಡಿಯನ್ನು. “ಹೇಳಪ್ಪಾ. ನಿಂಗೆ ಗೊತ್ತಿರುತ್ತೆ.”

ಕಿಡಿಗೆ ಗೊತ್ತಿತ್ತು. ಹೌದು ಎಂಬ ಒಂದೇ ಪದದ ಉತ್ತರ. ಬೆಳಿಗ್ಗೆ ನಲವತ್ತು ಜನರ ಮುಂದೆ ಅದು ಬಾಯಿಗೆ ಬಂದಿದ್ದರೆ ತಡೆಯುತ್ತಿರಲಿಲ್ಲ. ಅವನು ಯಜಮಾನರನ್ನು ನೋಡಿದ. ಬಿಳಿ ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು, ಕಿವಿಯ ಹಿಂದೆ ನರೆಗೂದಲು, ಮಂಡಿಯ ಮೇಲೆ ಬಚ್ಚಲ ಚೌಕಟ್ಟಿನ ಬಣ್ಣದ ಚೂರು.

ಅವನು ಹೊಸ ಕುರ್ಚಿಯನ್ನು ಬೀದಿಯ ಕಡೆ ತಿರುಗಿಸಿ, ಬೆನ್ನಿನ ಬಟ್ಟೆಯ ಮೇಲೆ ಕೂತಿದ್ದ ಧೂಳನ್ನು ಅಂಗೈಯಿಂದ ಒರೆಸಿದ. ಗಾಲಿಗಳ ಬ್ರೇಕು ಬಿಟ್ಟ. ಗರಗಸ ಕಾಯುತ್ತಿದ್ದ ಶೆಡ್ಡಿನ ಕಡೆಗೆ, ಬಿಸಿಲಿನಲ್ಲಿ, ಕುರ್ಚಿ ತಳ್ಳಿಕೊಂಡು ನಡೆದ.