ನೆತ್ತಿಯ ಮೇಲಿನ ಬರೆ

"ಮೆಲ್ಲಗೆ ಕಣಯ್ಯಾ! ನೀನು ಬೋಳಿಸ್ತಿರೋದು ಹಂದಿ ಚರ್ಮ ಅಲ್ಲ, ನನ್ನ ತಲೆ!"

ಕ್ಷೌರಿಕ ಬಿಯಾಸೆ ಕತ್ತಿಯನ್ನು ತೊಡೆಯ ಮೇಲೆ ಒರೆಸಿಕೊಂಡ. "ಹಂದಿಯಾಗಿದ್ರೆ ಇಷ್ಟೊತ್ತಿಗೆ ಮುಗಿದೇ ಹೋಗ್ತಿತ್ತು ದಿಯನೋರಮ್ಮ. ಅದು ನಡುನಡುವೆ ಸೀನೋದಿಲ್ಲ."

ಲವಿನಾಯೊ ಓಣಿಯ ಅರ್ಧ ಜನ ಅಲ್ಲೇ ನೆರೆದಿದ್ದರು. ನೇಪಲ್ಸಿನಲ್ಲಿ ಗುಟ್ಟಿನ ಕೆಲಸ ಎಂಬುದೇ ಇಲ್ಲ. ಹೆರಿಗೆಯಾಗಲಿ, ಜಗಳವಾಗಲಿ, ಕಿಟಕಿಗೊಬ್ಬರು ನಿಂತು ನೋಡಲೇಬೇಕು. ಅಂಗಡಿಯ ಮುಂದೆ ಮುಕ್ಕಾಲಿಯ ಮೇಲೆ ಕೂತಿದ್ದ ದಿಯನೋರಾಳ ನರೆಗೂದಲು ಕಲ್ಲುಹಾಸಿನ ಮೇಲೆ ಉದುರುತ್ತಿತ್ತು. ಮೂಗು ಎಂದಿನಂತೆ ಸುರಿಯುತ್ತಿತ್ತು. ಅವಳು ಎಂದಿನಂತೆ ತೋಳಿಗೆ ಒರೆಸಿಕೊಳ್ಳುತ್ತಿದ್ದಳು.

ನಗದೇ ಇದ್ದವಳು ಒಬ್ಬಳೇ, ಸೊಸೆ ಕಾರ್ಮೊಸೀನ. ಅವಳು ಹೊಸ್ತಿಲ ಪಕ್ಕದಲ್ಲಿ ನೀರಿನ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕರುವಿನ ತಲೆಗಳನ್ನು ಉಜ್ಜುತ್ತಿದ್ದಳು. ಅದೇ ಆ ಮನೆಯ ಕಸುಬು. ಮೂತಿ, ಕಿವಿ, ಕೆನ್ನೆ ಬೇಯಿಸಿ, ಆರಿಸಿ, ತೆಳ್ಳಗೆ ಕೊಯ್ದು, ಉಪ್ಪು ನಿಂಬೆರಸ ಹಾಕಿ ಮಾರುವುದು. ಮೆದುಳನ್ನು ಬೇರೆಯಾಗಿ ತೆಗೆದು ಶ್ರೀಮಂತರ ಅಡುಗೆಯವರಿಗೆ ಕೊಡುವುದು.

ಕಾರ್ಮಿನೆ ಇಗರ್ಜಿಯ ಎರಡನೆಯ ಗಂಟೆ ಹೊಡೆದ ಮೇಲೆ ವೈದ್ಯ ದೋನ್ ಪೊಂಪೇಯೊ ಬರುವವರಿದ್ದರು. ಬಂದು, ಬಿಯಾಸೆಯ ಕೈಯಲ್ಲಿ ಕಾದ ಕಬ್ಬಿಣ ಹಿಡಿಸಿ, ಮುದುಕಿಯ ನೆತ್ತಿಯ ನಟ್ಟನಡುವೆ ಎಲುಬು ಕಾಣುವ ತನಕ ಬರೆ ಹಾಕಿಸುವವರಿದ್ದರು. ಆಮೇಲೆ ಆ ಹುಣ್ಣು ಮಾಯದ ಹಾಗೆ ಅದರೊಳಗೆ ಒಂದು ಬಟಾಣಿ ಕಾಳು ಇಟ್ಟು ಕಟ್ಟಬೇಕು, ಮೂರು ತಿಂಗಳು. ಇಷ್ಟೆಲ್ಲ ಯಾತಕ್ಕೆ? ನೆಗಡಿಗೆ!

ಎರಡು ವರ್ಷದ ನೆಗಡಿ, ಸುಳ್ಳಲ್ಲ. ಮಾಂಸದವರ ಸಂಘದ ವೈದ್ಯರೆಂದು ದೋನ್ ಪೊಂಪೇಯೊ ಅವಳ ಮೇಲೆ ತಮ್ಮ ಶಾಸ್ತ್ರವನ್ನೆಲ್ಲ ಸುರಿದಿದ್ದರು. ತೋಳಿನಿಂದ ರಕ್ತ ತೆಗೆಸಿದರು. ಕತ್ತಿನ ಹಿಂದೆ ಬಿಸಿ ಬಟ್ಟಲು ಕವುಚಿಸಿದರು. ಸೀನಲೆಂದು ಯಾವುದೋ ಬೇರಿನ ನಶ್ಯ ಕೊಟ್ಟರು. ಮುದುಕಿ ಒಂದು ಮಧ್ಯಾಹ್ನ ಪೂರ್ತಿ ಸೀನಿ ಸೀನಿ ಸೊಂಟ ಹಿಡಿದುಕೊಂಡು ಮಲಗಿದಳು. ಭೇದಿಗೆ ಗುಳಿಗೆ ಕೊಟ್ಟರು, ಅದರ ಕಥೆ ಬೇಡ. ಮಧ್ಯಾಹ್ನದ ನಿದ್ದೆ ಕೂಡದು, ಕರ್ಬೂಜ ಕೂಡದು, ದಕ್ಷಿಣದ ಗಾಳಿ ಬೀಸುವಾಗ ಹೊರಗೆ ಬರಕೂಡದು. ಕರುವಿನ ತಲೆಮಾಂಸವನ್ನಂತೂ ಮುಟ್ಟಲೇಕೂಡದು, ಅದೂ ನಿನ್ನ ಮೆದುಳಿನ ಹಾಗೇ ಶೀತ ಎಂದರು. ಮಾರುವವಳಿಗೇ ತನ್ನ ಮಾಲು ತಿನ್ನುವ ಹಾಗಿಲ್ಲ!

ಕೊನೆಗೆ ಹದಿನೈದು ದಿನದ ಹಿಂದೆ ಒಂದು ಒಣ ಬುರುಡೆಯನ್ನು ಚೀಲದಲ್ಲಿ ಇಟ್ಟುಕೊಂಡು ಬಂದರು. ಹೊಟ್ಟೆಯ ಆವಿ ಮೇಲೇರಿ ತಣ್ಣಗಿನ ಮೆದುಳಿಗೆ ತಾಗಿ ನೀರಾಗುತ್ತದೆ, ಆ ನೀರು ಮೆದುಳಿನ ಬುಡದಲ್ಲಿರುವ ಜರಡಿಯಂಥ ಎಲುಬಿನಿಂದ ಸೋರಿ ಮೂಗಿಗೆ ಬರುತ್ತದೆ, ಮೂಗಿನಿಂದ ಗಂಟಲಿಗೆ, ಗಂಟಲಿನಿಂದ ಎದೆಗೆ. ಎದೆಗಿಳಿದರೆ ಕ್ಷಯ, ಆಮೇಲೆ ಪಾದ್ರಿಯನ್ನು ಕರೆಸುವುದೊಂದೇ. ಹೀಗೆಂದು ಹೇಳಿ ಬುರುಡೆಯೊಳಗೆ ನೀರು ಹೊಯ್ದರು. ಮೂಗಿನ ತೂತಿನಿಂದ ತೊಟತೊಟ ನೀರು ತೊಟ್ಟಿಕ್ಕಿತು. ನೆತ್ತಿಯಲ್ಲೊಂದು ಕಿಂಡಿ ಮಾಡಿದರೆ ಆವಿ ಒಲೆಯ ಹೊಗೆಯ ಹಾಗೆ ಮೇಲಿಂದಲೇ ಹೋಗುತ್ತದೆ ಎಂದರು.

ದಿಯನೋರಾ ಅವತ್ತೇ ತಯಾರಾದಳು. "ನನ್ನ ಮೆದುಳು ಕರಗಿ ಸೋರ್ತಿದೆಯಂತೆ ಕಣ್ರೇ," ಎಂದು ಓಣಿ ತುಂಬ ಹೇಳಿಕೊಂಡು ಬಂದಳು. ಹೇಳುವಾಗ ಹೆದರಿಕೆಯ ಜೊತೆಗೆ ಒಂದಿಷ್ಟು ಜಂಬವೂ ಇತ್ತು.

ಕಾರ್ಮೊಸೀನ ಅಂದಿನಿಂದ ಬೇಡ ಬೇಡ ಎನ್ನುತ್ತಲೇ ಇದ್ದಳು. ಹೋದ ಸುಗ್ಗಿಯಲ್ಲಿ ಹಗ್ಗದ ಅಂಗಡಿಯವನ ಹೆಂಡತಿಗೆ ಇದೇ ವೈದ್ಯರು ಇದೇ ಬರೆ ಹಾಕಿಸಿದ್ದರು. ಎಂಟನೆಯ ದಿನ ಅವಳು ತನ್ನ ಮಕ್ಕಳ ಹೆಸರನ್ನೇ ಮರೆತು, ಜ್ವರದಲ್ಲಿ ಬೇಯುತ್ತಾ ಸತ್ತಳು. ಕಫ ಬಹಳವಾಗಿತ್ತು, ತಡವಾಗಿ ಬಂದಳು ಎಂದರು ದೋನ್ ಪೊಂಪೇಯೊ.

"ಸೊಸೆಗೆ ಅತ್ತೆ ಮೇಲೆ ಯಾವಾಗಿಂದ ಇಷ್ಟೊಂದು ಅಕ್ಕರೆ?" ಎಂದು ಕಿಟಕಿಯ ಹೆಂಗಸರು ಚುಚ್ಚಿದರು. ಮುದುಕಿ ವಾಸಿಯಾಗದೆ ಸಾಯಲಿ ಅಂತ ಇರಬೇಕು ಎಂದು ಒಬ್ಬಳು ಮೆತ್ತಗೆ ಅಂದದ್ದೂ ಉಂಟು. ಅವರಿಬ್ಬರ ಜಗಳ ಊರಿಗೇ ಗೊತ್ತು. ಉಪ್ಪು ಜಾಸ್ತಿ ಎಂದರೆ ಜಗಳ, ಕಮ್ಮಿ ಎಂದರೆ ಜಗಳ. ಆದರೆ ದೊಡ್ಡ ಪ್ಲೇಗಿನ ವರ್ಷ ಕಾರ್ಮೊಸೀನಳ ಮನೆಯವರೆಲ್ಲ ಒಂದೇ ವಾರದಲ್ಲಿ ಹೋದಾಗ, ಬಾಗಿಲಿಗೆ ಹಲಗೆ ಹೊಡೆದ ಆ ಮನೆಯಿಂದ ಹನ್ನೊಂದು ವರ್ಷದ ಹುಡುಗಿಯನ್ನು ಕೈಹಿಡಿದು ಎಳೆದುಕೊಂಡು ಬಂದವಳು ದಿಯನೋರಾ. ಬೈಯುತ್ತಲೇ ತಂದಳು, ಬೈಯುತ್ತಲೇ ಉಣ್ಣಿಸಿದಳು. ಆ ಬೈಗುಳ ನಿಂತುಹೋದ ಮನೆಯನ್ನು ನೆನೆಯಲೂ ಕಾರ್ಮೊಸೀನಳಿಂದ ಆಗುತ್ತಿರಲಿಲ್ಲ.

ಗಂಡ ಅನಿಯೆಲ್ಲೊ ಮಾತ್ರ, "ಪಂಡಿತ್ರಿಗೆ ಗೊತ್ತಿಲ್ದೇ ಇರುತ್ತಾ?" ಎಂದು ಕೊಡಲಿಯ ಹಿಂದೆ ಮುಖ ಮರೆಸಿಕೊಂಡಿದ್ದ.

ಬಿಯಾಸೆ ಕಬ್ಬಿಣವನ್ನು ಕೆಂಡದೊಳಗೆ ತೂರಿಸಿದ. ಕಾರ್ಮೊಸೀನ ನೋಡಲಾರದೆ ಮುಖ ತಿರುಗಿಸಿ, ಕೈಯಲ್ಲಿದ್ದ ತಲೆಗೆ ನೀರು ಹೊಯ್ದಳು. ಅನಿಯೆಲ್ಲೊ ನೆತ್ತಿಯಲ್ಲಿ ಅಂಗೈಯಗಲ ಕೊಯ್ದು ಮೆದುಳು ತೆಗೆದ ತಲೆ ಅದು. ಒಳಗೆ ತೊಳೆದು, ಕೊಯ್ದ ಬಾಯಿಂದಲೇ ನೀರು ಚೆಲ್ಲುವುದು ರೂಢಿ. ದಿನಕ್ಕೆ ಹತ್ತು ತಲೆ, ಹತ್ತು ವರ್ಷ. ಇವತ್ತು ಕೈ ಸುಮ್ಮನೆ ನಿಂತಿತು. ನೀರು ಬುರುಡೆಯೊಳಗೆ ಬಟ್ಟಲಲ್ಲಿ ನಿಂತ ಹಾಗೆ ನಿಂತಿತ್ತು.

ಅವಳು ಆ ತಲೆಯ ಮೂತಿಯನ್ನು ಕೆಳಗೆ ಮಾಡಿ ಹಿಡಿದಳು. ಕಾದಳು. ಮೂಗಿನಿಂದ ಏನೂ ಬರಲಿಲ್ಲ. ಬೆರಳು ಹಾಕಿ ನೋಡಿದರೆ ಒಳಗೆಲ್ಲ ದಪ್ಪ ಬಿಳಿ ತೊಗಲು, ಎಲುಬಿಗೆ ಅಂಟಿಕೊಂಡು. ಎದ್ದು ಹಿತ್ತಲಿಗೆ ಓಡಿದಳು. ಅಲ್ಲಿ ಬೇಯಿಸಿ ಮಾಂಸ ಬಿಡಿಸಿದ ಬುರುಡೆಗಳು ಗೊಬ್ಬರದವನಿಗಾಗಿ ಬಿಸಿಲಲ್ಲಿ ಒಣಗುತ್ತಿದ್ದವು. ಒಂದನ್ನೆತ್ತಿ ನೀರು ಹೊಯ್ದಳು. ಮೂಗಿನಿಂದ ತೊಟತೊಟ ಸೋರಿತು, ವೈದ್ಯರ ಬುರುಡೆ ಸೋರಿದ ಹಾಗೇ.

"ಅಯ್ಯೋ ದೇವರೇ!" ಎಂದಳು ಗಟ್ಟಿಯಾಗಿ. "ಆ ಮನುಷ್ಯ ಒಣಗಿದ್ದು ಬಿಟ್ರೆ ಏನೂ ನೋಡೇ ಇಲ್ಲ!"

ಅವಳು ಹೊರಗೆ ಬರುವಷ್ಟರಲ್ಲಿ ದೋನ್ ಪೊಂಪೇಯೊ ಬಂದು ನಿಂತಿದ್ದರು, ಕಪ್ಪು ನಿಲುವಂಗಿ, ಕೈಯಲ್ಲಿ ಜರಿಯಂಚಿನ ಕರವಸ್ತ್ರ. ಕಬ್ಬಿಣ ಕೆಂಪಗಾಗಿತ್ತು. ದಿಯನೋರಾ ಕಣ್ಣು ಮುಚ್ಚಿ ಜಪಮಾಲೆ ಹಿಡಿದಿದ್ದಳು. ಅವಳ ಬೋಳುತಲೆಯ ಮೇಲೆ ವೈದ್ಯರು ಇದ್ದಿಲಿನಿಂದ ಒಂದು ಗುಂಡು ಗುರುತು ಮಾಡಿದ್ದರು.

"ನಿಲ್ಸಿ ಸ್ವಾಮಿ," ಎಂದಳು ಕಾರ್ಮೊಸೀನ. ಒಂದು ಕೈಯಲ್ಲಿ ಹಸಿ ತಲೆ, ಇನ್ನೊಂದರಲ್ಲಿ ಒಣ ಬುರುಡೆ. "ಒಂದೇ ಒಂದು ಸಲ ಇದನ್ನ ನೋಡ್ಬಿಡಿ. ಆಮೇಲೆ ನಿಮ್ಮಿಷ್ಟ."

"ಶುರುವಾಯ್ತು ಇವಳ ತಕರಾರು," ಎಂದಳು ದಿಯನೋರಾ ಕಣ್ಣು ತೆರೆಯದೆ.

"ಅತ್ತೆ, ನೀವು ನಲವತ್ತು ವರ್ಷ ತಲೆ ತೊಳೆದೋರು. ನೀವೇ ನೋಡಿ ಹೇಳಿ. ಸೋರಿದ್ರೆ ನಾನೇ ನಿಮ್ಮ ತಲೆ ಹಿಡ್ಕೋತೀನಿ, ಬಿಯಾಸೆ ಬರೆ ಹಾಕ್ಲಿ."

ದೋನ್ ಪೊಂಪೇಯೊ ನಕ್ಕರು. ಅಷ್ಟು ಜನರ ಎದುರಿಗೆ ಒಬ್ಬ ತಲೆಮಾಂಸದವಳಿಗೆ ಹೆದರಿದರು ಎನ್ನಿಸಿಕೊಳ್ಳಲು ಅವರಿಗೂ ಮನಸ್ಸಿರಲಿಲ್ಲ. "ಮಾಡಮ್ಮ, ಮಾಡು. ಕಬ್ಬಿಣ ಇನ್ನೂ ಸ್ವಲ್ಪ ಕಾಯ್ಲಿ."

ಮೊದಲು ಒಣ ಬುರುಡೆ. ನೀರು ಹೊಯ್ದಳು, ಮೂಗಿನಿಂದ ಸೋರಿತು. "ನೋಡಿದ್ರಾ! ನಾನು ತೋರಿಸಿದ್ದೂ ಅದೇ," ಎಂದರು ವೈದ್ಯರು.

"ಹೌದು ಸ್ವಾಮಿ, ಅದೇ," ಎಂದಳು. ಆಮೇಲೆ ನೀರು ಹಿಂದಿನಿಂದ ಚೆಲ್ಲದ ಹಾಗೆ ಹಸಿ ತಲೆಯ ಕತ್ತಿನ ಕಡೆಯ ತೂತಿಗೆ ರೊಟ್ಟಿಯ ಹಿಟ್ಟು ಮೆತ್ತಿದಳು. ಎದುರು ಮೀನಂಗಡಿಯ ಹೆಂಗಸಿನಿಂದ ಮಸಿ ಕಾರುವ ಮೀನಿನ ಕಪ್ಪು ರಸ ಕೇಳಿ ತಂದು, ನೀರಿಗೆ ಕಲೆಸಿ, ಇದ್ದಿಲಿನಂಥ ಕರಿ ನೀರನ್ನು ಬುರುಡೆ ತುಂಬ ಹೊಯ್ದಳು. ಮೂತಿ ಕೆಳಗಾಗುವಂತೆ ಅನಿಯೆಲ್ಲೊನ ಕೈಗೆ ಕೊಟ್ಟಳು. ಅವನು ಎರಡು ಕೈಯಲ್ಲೂ ಹಿಡಿದುಕೊಂಡ.

"ಕೆಳಗೆ ಹಾಸೋಕೆ ಒಂದು ಬಿಳಿ ಬಟ್ಟೆ ಬೇಕು. ಈ ಮನೇಲಿ ಬಿಳೀದು ಏನೂ ಇಲ್ಲ. ನಿಮ್ಮ ಕರವಸ್ತ್ರ ಕೊಡ್ತೀರಾ ಸ್ವಾಮಿ?"

ಓಣಿಗೆ ಓಣಿಯೇ ಗೊಳ್ಳೆಂದಿತು. ವೈದ್ಯರು ಕೆಂಪಾದರು, ಆದರೆ ಕೊಟ್ಟರು.

ಎಷ್ಟು ಹೊತ್ತು ಕಾಯಬೇಕು ಎಂಬ ಪ್ರಶ್ನೆ ಬಂತು. ಮೀನಿನವಳು, "ಹತ್ತು ಸಲ ಮರಿಯಮ್ಮನ ಜಪ," ಎಂದಳು. ಕಿಟಕಿಗಳಲ್ಲಿ, ಮೆಟ್ಟಿಲುಗಳಲ್ಲಿ ಹೆಂಗಸರು ಒಟ್ಟಿಗೆ ಶುರುಮಾಡಿದರು. ಒಂದು. ಎರಡು. ಐದಾಯಿತು. ಅನಿಯೆಲ್ಲೊನ ತೋಳು ನಡುಗತೊಡಗಿತು. ದಿಯನೋರಾ ಮುಕ್ಕಾಲಿಯಿಂದ ಎದ್ದು ಬಂದು, ಬಗ್ಗಿ, ಕಣ್ಣು ಕಿರಿದು ಮಾಡಿ ನೋಡತೊಡಗಿದಳು. ಏಳು. ಎಂಟು.

ಕರವಸ್ತ್ರದ ಮೇಲೆ ತೊಟ್ ಎಂದು ಒಂದು ಹನಿ ಬಿತ್ತು.

"ಬಿತ್ತು!" ಎಂದು ಯಾರೋ ಕೂಗಿದರು. ಜಪ ನಿಂತಿತು. ದೋನ್ ಪೊಂಪೇಯೊ ಗೆದ್ದವರ ಹಾಗೆ ಎರಡು ಕೈಯನ್ನೂ ಮೇಲೆತ್ತಿದರು.

ಬಿಯಾಸೆ ಮಂಡಿಯೂರಿ ಬಟ್ಟೆಗೆ ಮೂಗು ತಾಗುವಷ್ಟು ಬಗ್ಗಿದ. "ಇದು ಕಪ್ಪಗಿಲ್ಲ," ಎಂದ. "ಬರೀ ನೀರು." ಕರುವಿನ ಮೂಗನ್ನು ಬೆರಳಿನಿಂದ ಮುಟ್ಟಿದ. ಒಣಗಿತ್ತು. ಆಮೇಲೆ ತಲೆಯೆತ್ತಿ ನೋಡಿದ. ಬಗ್ಗಿ ನಿಂತಿದ್ದ ದಿಯನೋರಾಳ ಮೂಗಿನ ತುದಿಯಲ್ಲಿ ಎರಡನೆಯ ಹನಿ ಕೂಡುತ್ತಿತ್ತು.

ಆಮೇಲೆ ಎದ್ದ ನಗೆಗೆ ಪಾರಿವಾಳಗಳು ಇಗರ್ಜಿಯ ಗೋಪುರದಿಂದ ಹಾರಿದವು. ನಗದೇ ಇದ್ದವಳು ಈ ಸಲ ದಿಯನೋರಾ. ಅವಳು ಆ ಹನಿಯನ್ನು ಬೆರಳಿನಿಂದ ತೆಗೆದುಕೊಂಡು ಬಿಸಿಲಿಗೆ ಹಿಡಿದು ನೋಡಿದಳು. ಇನ್ನೊಂದು ಕೈಬೆರಳನ್ನು ಬುರುಡೆಯೊಳಗಿನ ಕರಿ ನೀರಿಗೆ ಅದ್ದಿ, ತಳದ ತೊಗಲನ್ನು ಸವರಿದಳು. ನಲವತ್ತು ವರ್ಷ ಸವರಿದ ತೊಗಲು.

"ಕರು ಬೇರೆ, ಮನುಷ್ಯ ಬೇರೆ," ಎಂದರು ವೈದ್ಯರು. "ಪಶುವಿನ ಮೆದುಳಿನಲ್ಲಿ ಶೀತವೇ ಇರೋದಿಲ್ಲ."

ದಿಯನೋರಾ ನಿಧಾನವಾಗಿ ಅವರ ಕಡೆ ತಿರುಗಿದಳು. "ಹಂಗಾದ್ರೆ ಎರಡು ವರ್ಷದಿಂದ ಕರುವಿನ ತಲೆ ತಿನ್ಬೇಡ, ನಿನ್ನ ಮೆದುಳಿನ ಹಾಗೇ ಶೀತ ಅಂತ ಯಾಕಪ್ಪಾ ಹೇಳಿದ್ದೆ?"

ವೈದ್ಯರು ಮಾತು ತಿರುಗಿಸಿದರು. "ಮತ್ತೆ ಆ ನೀರು ಎಲ್ಲಿಂದ ಬರುತ್ತೆ? ಮೂಗು ತಾನಾಗೇ ನೀರು ಮಾಡುತ್ತೇನು?"

"ಬಾಯಿ ತಾನಾಗೇ ಎಂಜಲು ಮಾಡಲ್ವಾ ಸ್ವಾಮಿ?" ಎಂದಳು ಕಾರ್ಮೊಸೀನ. "ಕಣ್ಣು ನೀರು ಮಾಡಲ್ವಾ? ಮೂಗಿನೊಳಗೂ ತೊಗಲೇ ಇರೋದು, ಒದ್ದೆ ತೊಗಲು. ಹಗ್ಗದವರ ಮನೆಯವಳ ನೆತ್ತಿ ಸುಡೋ ಮುಂಚೆ ಒಂದು ಹಸಿ ತಲೆ ನಮ್ಮನ್ನ ಕೇಳಿದ್ರೆ ಕೊಡ್ತಿದ್ವಿ."

ಯಾರೂ ನಗಲಿಲ್ಲ. ಗುಂಪಿನ ಹಿಂದೆ ಹಗ್ಗದ ಅಂಗಡಿಯವನು ನಿಂತಿದ್ದ. ಜನ ತಾವಾಗಿಯೇ ಅವನಿಗೆ ದಾರಿ ಬಿಟ್ಟರು. ಅವನು ಮುಂದೆ ಬಂದು ವೈದ್ಯರ ಮುಖವನ್ನೇ ನೋಡುತ್ತಾ ನಿಂತ. ದೋನ್ ಪೊಂಪೇಯೊಗೆ ಆ ನೋಟವನ್ನು ಎದುರಿಸಲಾಗಲಿಲ್ಲ.

"ನನಗೆ ಬರೆ ಬೇಡ," ಎಂದಳು ದಿಯನೋರಾ. "ಸೋರ್ತಿದ್ರೆ ಮೂಗು ಸೋರ್ತಿದೆ. ಸೋರ್ಲಿ ಬಿಡಿ, ಒರೆಸ್ಕೊಳ್ಳೋಕೆ ನನಗೆ ತೋಳಿದೆ. ನನ್ನ ಮೆದುಳು ಇದ್ದಲ್ಲೇ ಇದೆ!"

ಬಿಯಾಸೆ ಕೆಂಪಗೆ ಕಾದಿದ್ದ ಕಬ್ಬಿಣವನ್ನೆತ್ತಿ, ವೈದ್ಯರನ್ನು ಕೇಳದೆ, ತಲೆ ತೊಳೆಯುವ ತೊಟ್ಟಿಗೆ ಅದ್ದಿದ. ಚೊಂಯ್ ಎಂದು ಎದ್ದ ಹಬೆ ಎಲ್ಲರ ಮುಖಕ್ಕೂ ಬಡಿಯಿತು. ಜನ ಹೋ ಎಂದು ಕೂಗಿದರು. ಲವಿನಾಯೊ ಓಣಿ ಅಂಥ ಕೂಗನ್ನು ಕಾರ್ಮಿನೆ ಹಬ್ಬದ ದಿನವೂ ಕೇಳಿರಲಿಲ್ಲ. ಮೇಲಿನ ಕಿಟಕಿಗಳಿಂದ ಬಾಣಲೆ ಬಡಿದರು. ಮುದುಕಿ ಸಾಯಲಿ ಅಂತ ಇರಬೇಕು ಎಂದಿದ್ದವಳೇ ಎಲ್ಲರಿಗಿಂತ ಜೋರಾಗಿ ಬಡಿದಳು. ದೋನ್ ಪೊಂಪೇಯೊ ಆ ಗದ್ದಲದ ನಡುವೆ ಹೊರಟುಹೋದರು, ಕರವಸ್ತ್ರವನ್ನು ಕೇಳಲಿಲ್ಲ. ದಿಯನೋರಾ ಅದನ್ನೆತ್ತಿಕೊಂಡು, ಊರೆಲ್ಲ ಕೇಳುವ ಹಾಗೆ ಮೂಗು ಸೀಟಿದಳು.

ಅವತ್ತು ನಡುಹಗಲಿಗೇ ಅಂಗಡಿಯ ಮಾಲೆಲ್ಲ ಖಾಲಿಯಾಯಿತು. ಕೊನೆಯ ತುಂಡು ಮೂತಿಯನ್ನು ದಿಯನೋರಾ ಯಾರಿಗೂ ಮಾರದೆ, ಉಪ್ಪುದುರಿಸಿ, ನಿಂಬೆ ಹಿಂಡಿ, ಎರಡು ವರ್ಷದ ಹಸಿವಿನಿಂದ ತಾನೇ ತಿಂದಳು. ಕಾರ್ಮೊಸೀನ ತಲೆವಸ್ತ್ರ ತಂದುಕೊಟ್ಟರೆ ದೂಡಿದಳು.

"ಯಾಕೆ ಮುಚ್ಚಲಿ? ನೋಡ್ಲಿ ಎಲ್ಲರೂ. ಒಂದು ಗೀರೂ ಇಲ್ಲ."

"ಇದ್ದಿಲ ಗುರುತಿದೆ ಅತ್ತೆ."

"ಇದ್ರೆ ಒರೆಸೇ. ನಿಂತ್ಕೊಂಡು ನೋಡ್ತಾಳೆ."

ಕಾರ್ಮೊಸೀನ ತಲೆವಸ್ತ್ರದ ತುದಿಯನ್ನು ತೋಯಿಸಿ ಆ ಕಪ್ಪು ಗುಂಡನ್ನು ಉಜ್ಜಿದಳು. ಗುರುತು ಹೋಯಿತು. ಹೋದ ಮೇಲೂ ಅವಳ ಅಂಗೈ ಆ ನೆತ್ತಿಯ ಮೇಲೆಯೇ ಇತ್ತು. ಬಿಸಿಲಿಗೆ ಬೆಚ್ಚಗಾಗಿದ್ದ ನೆತ್ತಿ, ಕೆಳಗೆ ಗಟ್ಟಿ ಎಲುಬು.

"ನಿನ್ನ ಕೈ ತಣ್ಣಗೆ ಕೊರೀತಿದೆ ಕಣೆ," ಎಂದು ಬೈದಳು ದಿಯನೋರಾ. ಆದರೆ ತಲೆಯನ್ನು ಸರಿಸಲಿಲ್ಲ.