ಒಲೆಯ ಪಥ್ಯ

ಆಟಿ ತಿಂಗಳು ಹುಟ್ಟಿದ ವಾರ, ಕೋಳಿ ಕೂಗುವ ಹೊತ್ತು. ಹೊರಗೆ ಮಳೆ ಹೊಯ್ಯುತ್ತಿತ್ತು, ಕಡಲು ಮೊರೆಯುತ್ತಿತ್ತು. ಮಲಗಿದ್ದ ಉಗ್ಗಪ್ಪನ ಬಲಗಾಲಿನ ಹೆಬ್ಬೆರಳಿಗೆ ಕೆಂಡ ಇಟ್ಟ ಹಾಗಾಯಿತು. ಹೊದ್ದ ಬಟ್ಟೆಯ ಅಂಚು ತಾಗಿದರೂ ಜೀವ ಹೋಗುತ್ತಿತ್ತು. ಬೆಳಕು ಹರಿಯುವಾಗ ಬೆರಳಿನ ಗಂಟು ಹಣ್ಣಾದ ಪುನರ್ಪುಳಿಯ ಹಾಗೆ ಕೆಂಪಗೆ ಊದಿತ್ತು.

ಬಂದ್ಯೋಡಿನ ಜನಾರ್ದನ ವೈದ್ಯರು ಕಾಲು ಮುಟ್ಟದೆ, ನೋಡಿಯೇ ಹೇಳಿದರು. "ವಾತರಕ್ತ. ಬೂತಾಯಿ ಮೀನು ಬೇಡ, ಹಸಿಯೂ ಬೇಡ, ಒಣಗಿದ್ದೂ ಬೇಡ. ಹುರುಳಿ ಬೇಡ. ಕಳ್ಳು ಅಂತೂ ಮೂಸಿಯೂ ನೋಡಬೇಡ."

"ಮತ್ತೆ ತಿನ್ನುವುದು ಎಂತ ವೈದ್ಯರೇ, ಕಡಲ ದಂಡೆಯ ಹೊಯಿಗೆಯಾ?"

"ಗಂಜಿ ಉಂಟು, ಸೊಪ್ಪು ಉಂಟು. ಕಾಲಿಗೆ ನಾನು ಮದ್ದು ಕೊಟ್ಟೇನು ಮಾರಾಯ, ನಿನ್ನ ನಾಲಗೆಗೆ ಯಾರು ಕೊಡುವುದು?"

ವೈದ್ಯರು ಪಥ್ಯ ಹೇಳಿದ್ದು ಉಗ್ಗಪ್ಪನೊಬ್ಬನಿಗೆ. ಹೆಂಡತಿ ಸುಂದರಿ ಅದನ್ನು ಒಲೆಗೂ ಹಿಡಿಸಿದಳು. ರೋಗಿಗೆ ಬೇಡವೆಂದದ್ದು ಮನೆಯ ಒಲೆಗೆ ಏರಿದರೆ ಮದ್ದು ಹಿಡಿಯುವುದಿಲ್ಲ ಎಂದು ಅವಳ ತಾಯಿಮನೆಯವರ ನಂಬಿಕೆ. ಹಿತ್ತಿಲ ದೈವದ ಕಲ್ಲಿನ ಮುಂದೆ ನಿಂತು ಹರಕೆ ಹೇಳಿಕೊಂಡಳು: ಗಂಡ ತನ್ನ ಕಾಲಲ್ಲೇ ನಡೆದು ಬಂದು ಇಲ್ಲಿ ಕೈಮುಗಿಯುವವರೆಗೆ ಮನೆಯಲ್ಲಿ ಮೀನು ಹುರುಳಿ ಬೇಯುವುದಿಲ್ಲ. ನಡೆದ ದಿನ ಮೀನಿನ ಮೊದಲ ತುತ್ತು ಅವನದೇ.

ಅದು ಯುದ್ಧದ ಕಾಲ, ಅಕ್ಕಿಗೆ ರೇಷನ್. ಆಟಿಯಲ್ಲಿ ದೋಣಿ ಇಳಿಯುವುದಿಲ್ಲ. ಬೇಸಗೆಯಲ್ಲಿ ಒಣಗಿಸಿ ಭರಣಿಗೆ ತುಂಬಿದ ಬೂತಾಯಿ, ಒಂದಿಷ್ಟು ಹುರುಳಿ, ಮಳೆಗಾಲ ಕಳೆಯುವುದು ಇವುಗಳಲ್ಲೇ. ಎರಡಕ್ಕೂ ಮುಚ್ಚಳ ಬಿತ್ತು. ಸೊಸೆ ಮೋಹಿನಿ ಹಸಿ ಬಾಣಂತಿ. ಅವಳ ಗಂಡ ಬೊಂಬಾಯಿಯ ಹೋಟೇಲಿನಲ್ಲಿ. ತೆಳು ಗಂಜಿ, ತಗಟೆಸೊಪ್ಪು ತಿಂದು ತಿಂದು ಅವಳ ಎದೆಹಾಲು ಬತ್ತುತ್ತ ಬಂತು.

ಚಾಪೆಯ ಮೇಲಿದ್ದ ಉಗ್ಗಪ್ಪನಿಗೆ ಎಲ್ಲವೂ ಕೇಳುತ್ತಿತ್ತು. ಮಗು ಮೊದಮೊದಲು ಗಂಟಲು ಬಿಚ್ಚಿ ಅಳುತ್ತಿತ್ತು. ಆಮೇಲೆ ಬೆಕ್ಕಿನ ಮರಿಯ ಹಾಗೆ.

"ಸುಂದರೀ, ಆ ಹುಡುಗಿಗೆ ಎರಡು ಮೀನು ಸುಟ್ಟು ಕೊಡು. ನಾನು ಮೂಗು ಮುಚ್ಚಿಕೊಳ್ಳುತ್ತೇನೆ."

"ಹರಕೆ ನಿಮ್ಮ ಮೂಗಿಗೆ ಹೇಳಿದ್ದಾ? ದೈವದ ಹತ್ತಿರ ಆಡಿದ ಮಾತು. ನೀವು ಏಳದಿದ್ದರೆ ದೋಣಿಯ ಮೀನಿನಲ್ಲಿ ಪಾಲು ಉಂಟಾ? ಆಮೇಲೆ ಎಲ್ಲರೂ ಎಂತ ತಿನ್ನುವುದು?"

ಅವಳಾದರೂ ಏನು ತಿನ್ನುತ್ತಿದ್ದಳು? ತನ್ನ ಗಂಜಿಯ ಅಗುಳನ್ನೆಲ್ಲ ಸೊಸೆಯ ಬಟ್ಟಲಿಗೆ ಸುರಿದು ಬರೀ ತಿಳಿ ಕುಡಿಯುತ್ತಿದ್ದಳು. ಅವಳ ಮೇಲೆ ಸಿಟ್ಟು ಮಾಡಲೂ ಉಗ್ಗಪ್ಪನಿಗೆ ಬಾಯಿ ಬರಲಿಲ್ಲ. ಇವತ್ತು ಊತ ಇಳಿದೀತು, ನಾಳೆ ಇಳಿದೀತು ಎಂದು ಬೆರಳನ್ನೇ ನೋಡುತ್ತ ಬಿದ್ದುಕೊಂಡ.

ಒಂದು ಬೆಳಿಗ್ಗೆ ಮೋಹಿನಿ ಬಾಗಿಲಲ್ಲಿ ನಿಂತಳು. "ಮಾವ, ಕಾಲು ಹೇಗುಂಟು?"

ಮಗು ಅವಳ ಹೆಗಲಲ್ಲಿ ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು. ಅಳು ಇರಲಿಲ್ಲ.

"ಗುಣ ಆಯಿತು" ಎಂದು ಉಗ್ಗಪ್ಪ ಎದ್ದು ನಿಂತ.

ಕಣ್ಣಿಗೆ ಕತ್ತಲೆ ಬಂತು. ಗೋಡೆ ಹಿಡಿದರೆ ಸುಂದರಿಗೆ ಗೊತ್ತಾಗುತ್ತದೆ, ಕುಂಟಿದರೂ ಗೊತ್ತಾಗುತ್ತದೆ. ಹಲ್ಲು ಕಚ್ಚಿ, ಪೂರಾ ಪಾದ ಊರಿ ಕೆಸರಿನಲ್ಲಿ ನಡೆದ. ಕಲ್ಲಿಗೆ ಕೈಮುಗಿದ. ಸುಂದರಿ ಸೆರಗಿನಿಂದ ಕಣ್ಣೊರೆಸುತ್ತ ಭರಣಿ ಬಿಚ್ಚಿ, ಬೂತಾಯಿ ಸುಟ್ಟು ತಂದಳು.

"ಮೊದಲು ನೀವು."

ಅವನು ತಿಂದ. ಆಮೇಲೆ ಮೋಹಿನಿ ತಿಂದಳು, ತಲೆ ಎತ್ತದೆ, ಮುಳ್ಳನ್ನೂ ಬಿಡದೆ.

ಸಂಜೆಗೆ ಉಗ್ಗಪ್ಪನ ಊತ ಮೊಣಕಾಲಿಗೆ ಏರಿತು. ನರಳಿದರೆ ಒಲೆ ಮತ್ತೆ ಮುಚ್ಚುತ್ತದೆಂದು ಕಾಲಿನ ಮೇಲೆ ಹೊದಿಕೆ ಎಳೆದು, ಹೆಗಲಿನ ಬೈರಾಸು ಬಟ್ಟೆ ಕಚ್ಚಿಕೊಂಡು ಮಲಗಿದ. ಹಾಗೆಯೇ ದಿನ ಕಳೆದ. ಮೋಹಿನಿಯ ಎದೆಗೆ ಸ್ವಲ್ಪ ಸ್ವಲ್ಪವಾಗಿ ಹಾಲು ಬಂತು. ಅದನ್ನು ಎಳೆಯುವ ಕಸು ಮಗುವಿನಲ್ಲಿ ಉಳಿದಿರಲಿಲ್ಲ. ಆಟಿ ಮುಗಿಯುವ ಮೊದಲೇ ಮಗುವನ್ನು ತೆಂಗಿನ ಬುಡದಲ್ಲಿ ಮಣ್ಣು ಮಾಡಿದರು. ಉಗ್ಗಪ್ಪನಿಗೆ ಅಲ್ಲಿವರೆಗೆ ಹೋಗಲು ಆಗಲಿಲ್ಲ.

ಆಟಿ ಕಳೆದು ಸೋಣ ತಿಂಗಳು ಹುಟ್ಟಿದ ದಿನ ಮೋಹಿನಿಯ ಅಣ್ಣ ಮಂಜೇಶ್ವರದಿಂದ ಬಂದ. ಅವಳು ಬಟ್ಟೆಯ ಗಂಟು ಎತ್ತಿಕೊಂಡಳು.

"ಇವತ್ತು ಬೇಡ ಮಗಾ, ಮಂಗಳವಾರ" ಎಂದಳು ಸುಂದರಿ.

"ನನ್ನದು ಇನ್ನು ಎಂತ ಹೋಗಲಿಕ್ಕೆ ಉಂಟು ಅತ್ತೆ?"

ಉಗ್ಗಪ್ಪ ಜಗಲಿಯವರೆಗೆ ತೆವಳಿಕೊಂಡು ಬಂದಿದ್ದ. ಮೋಹಿನಿ ಅವನ ಊದಿದ ಕಾಲನ್ನೊಮ್ಮೆ ನೋಡಿದಳು. ಆ ಮಂಗಳವಾರವೇ ಹೊರಟು ಹೋದಳು.