ಚನ್ನವೀರನ ಕಂಪ್ಯೂಟರು

ಕಂಪ್ಯೂಟರ್ ರಿಪೇರಿಯಲ್ಲಿ ಮಾನ್ವಿಯ ಕಲ್ಯಾಣಿ ಎತ್ತಿದ ಕೈ. ದೆವ್ವ ಗಿವ್ವ ಅಂದರೆ ಕಿಸಕ್ಕನೆ ನಗುವ ಗಟ್ಟಿಗಿತ್ತಿ. ಅಂಥವಳು ಒಂದು ಮಧ್ಯಾಹ್ನ ಪಕ್ಕದ ಊರು ನೀರಮಾನ್ವಿಗೆ ಹೋಗಿ ಬೆವೆತ ಕಥೆ ಇದು.

ಅಲ್ಲಿನ ಗುರುಶಾಂತಮ್ಮನ ಮಗ ಚನ್ನವೀರ ತೀರಿಕೊಂಡು ತಿಂಗಳಾಗಿತ್ತು. ಅವನು ಹಾಡಿ ತುಂಬಿಸಿಟ್ಟ ವಚನಗಳೆಲ್ಲ ಅವನ ಕಂಪ್ಯೂಟರಿನಲ್ಲೇ ಇದ್ದವು. ಅದೋ, ಜಪ್ಪಯ್ಯ ಅಂದರೂ ಶುರುವಾಗುತ್ತಿರಲಿಲ್ಲ.

"ಒಮ್ಮಿ ಅವನ ದನಿ ಕೇಳಿಸವ್ವಾ, ಸಾಕು," ಎಂದು ಗುರುಶಾಂತಮ್ಮ ಅಂಗಲಾಚಿದಳು.

ಕಲ್ಯಾಣಿ ಗುಂಡಿ ಒತ್ತಿದಳು. ಫ್ಯಾನು ತಿರುಗಿತು, ಸ್ಕ್ರೀನು ಕಪ್ಪಗೇ ಉಳಿಯಿತು, ಒಳಗಿಂದ ಬೀಪ್, ಬೀಪ್ ಎಂಬ ಸದ್ದು. ಕರೆಂಟ್ ಬರುತ್ತಿದೆ, ಹಾಗಾದರೆ ರ‍್ಯಾಮಿನದೇ ತಕರಾರು, ಆ ನೆನಪಿನ ಪಟ್ಟಿ ಇಲ್ಲದೆ ಯಾವ ಕಂಪ್ಯೂಟರೂ ಏಳದು ಎಂದುಕೊಂಡು ಡಬ್ಬಿ ಬಿಚ್ಚಿದರೆ, ರ‍್ಯಾಮ್ ಪಟ್ಟಿಯೇ ನಾಪತ್ತೆ!

"ಯವ್ವಾ, ಇಲ್ಲಿ ಒಂದು ಹಸಿರು ಪಟ್ಟಿ ಇರಬೇಕಿತ್ತಲ್ಲ, ಯಾರು ತಗದ್ರು?"

"ನಾನಽ ತಗದೆ. ಮಷಿನ್ ಕೆಟ್ಟಾಗೆಲ್ಲ ಅದನ್ನ ರಬ್ಬರಿಲೆ ತಿಕ್ಕಿ ತಿಕ್ಕಿ ಇಡ್ತಿದ್ದ, ಭಾಳ ಪ್ರೀತಿ ಅದರ ಮ್ಯಾಲ. ಸಮಾಧಿಯಾಗ ಕುಂದ್ರಿಸಿದಾಗ ಎಡಗೈಯಾಗ ಲಿಂಗ ಇಟ್ರು. ಬಲಗೈ ಖಾಲಿ ಇತ್ತು, ಅದನ್ನ ಹಿಡಸಿದೆ. ಬರಿಗೈಲೆ ಹ್ಯಾಂಗ ಕಳಸ್ಲಿ?"

ಅಯ್ಯೋ ಶಿವನೇ! ಕಲ್ಯಾಣಿ ಚೀಲದಿಂದ ನಾಲ್ಕು ಜಿಬಿಯ ಹೊಸ ಪಟ್ಟಿ ತೆಗೆದು ಸಿಕ್ಕಿಸಿದಳು. ಕಂಪ್ಯೂಟರ್ ಶುರುವಾಯಿತು. ಆದರೆ ಸ್ಕ್ರೀನು ತೋರಿಸಿದ್ದು ಎಂಟು ಜಿಬಿ. ಎರಡು ಪಟ್ಟಿ ಇವೆ ಎನ್ನುತ್ತಿತ್ತು. ಪಕ್ಕದ ಸ್ಲಾಟಿಗೆ ಟಾರ್ಚ್ ಹಿಡಿದು ನೋಡಿದಳು. ಖಾಲಿ.

ಆರಿಸಿ, ತನ್ನ ಪಟ್ಟಿಯನ್ನೂ ಕಿತ್ತು, ಮತ್ತೆ ಗುಂಡಿ ಒತ್ತಿದಳು. ಬೀಪ್ ಇಲ್ಲ. ಒಂದು ಪಟ್ಟಿಯೂ ಇಲ್ಲದ ಕಂಪ್ಯೂಟರ್, ಮಣ್ಣಿಗೆ ಹೋದ ಪಟ್ಟಿಯನ್ನೇ ಲೆಕ್ಕ ಹಿಡಿದಂತೆ, ನಾಲ್ಕು ಜಿಬಿ ಎಂದು ತೋರಿಸುತ್ತ ಎದ್ದು ಕೂತಿತು. ಗಟ್ಟಿಗಿತ್ತಿ ಹಣೆಯ ಬೆವರು ಒರೆಸಿಕೊಂಡಳು.

"ಹಾಡು ಹಚ್ಚವ್ವಾ," ಎಂದಳು ಗುರುಶಾಂತಮ್ಮ.

ಹಚ್ಚಿದಳು. ಹಾಡು ಬರಲಿಲ್ಲ. ಸ್ಪೀಕರಿನಲ್ಲಿ ಯಾರೋ ಉಸಿರಾಡಿದ್ದು ಕೇಳಿಸಿತು, ಆಮೇಲೆ ಚನ್ನವೀರನ ದನಿ.

"ಯವ್ವಾ, ಇಲ್ಲಿ ಭಾಳ ಕತ್ತಲ ಅದ. ಈಗ ಒಂಚೂರು ಬೆಳಕು ಕಾಣಾಕತ್ತದ."

ಕಲ್ಯಾಣಿ ಹೌಹಾರಿ ಪ್ಲಗ್ಗಿಗೆ ಕೈ ಚಾಚಿದಳು. ಗುರುಶಾಂತಮ್ಮ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬಂದ್ ಮಾಡಬ್ಯಾಡವ್ವಾ, ನಿನ್ನ ಕಾಲಿಗೆ ಬೀಳ್ತೀನಿ! ಇದು ಹಿಂಗಽ ಉರೀಲಿ. ನನ್ನ ಕೂಸಿಗೆ ಬೆಳಕು ಬಂದದ."

ಕಲ್ಯಾಣಿ ಕೈ ಹಿಂದಕ್ಕೆಳೆದುಕೊಂಡಳು. ಗುರುಶಾಂತಮ್ಮ ಅಳುತ್ತ ನಗುತ್ತ, ಸೆರಗಿನಿಂದ ಸ್ಕ್ರೀನಿನ ಧೂಳು ಒರೆಸಿ, ಮಗನ ಕೆನ್ನೆ ಸವರುವಂತೆ ಸವರತೊಡಗಿದಳು. ಅಷ್ಟರಲ್ಲಿ ಊರಿನ ಕರೆಂಟೇ ಹೋಯಿತು.